ಪೀರ್ ಅಹಮದರು ಕೊಟ್ಟ ಅರ್ತು

ಪೀರ್ ಅಹಮದರು ಸುತ್ತಿದ ಮೋಟಾರು ಸುಡುವುದಿಲ್ಲ ಎಂಬ ಮಾತು ಶ್ರೀರಂಗಪಟ್ಟಣದ ಸುತ್ತ ಇಪ್ಪತ್ತು ವರ್ಷದಿಂದ ಇತ್ತು. ಆ ಮಾತನ್ನು ಊರಿನವರಿಗಿಂತ ಹೆಚ್ಚಾಗಿ ನಂಬಿದ್ದವರು ಅವರೇ. ಪಂಪ್‌ಸೆಟ್ಟಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಅದರಾಚೆಗೆ ಜೀವನದಲ್ಲಿ ಅವರು ಮೋಹಪಟ್ಟದ್ದು ಒಂದೇ ಒಂದು ವಸ್ತುವಿಗೆ.

ಮೈಸೂರಿನ ವಸ್ತುಪ್ರದರ್ಶನದಲ್ಲಿ ಅವರು ಒಮ್ಮೆ ಪಿನ್‌ಬಾಲ್ ಯಂತ್ರ ಕಂಡಿದ್ದರು. ಇಳಿಜಾರಿನ ಹಲಗೆ, ಮೇಲೊಂದು ಗಾಜು, ಒಳಗೆ ಉರುಳುವ ಉಕ್ಕಿನ ಗುಂಡು. ಅದು ಕೆಳಗಿನ ಗುಂಡಿಗೆ ಬೀಳದಂತೆ ಎರಡು ಪುಟ್ಟ ರೆಕ್ಕೆಗಳಿಂದ ಹೊಡೆದು ಮೇಲಕ್ಕೆ ಅಟ್ಟುತ್ತಿರಬೇಕು. ಊರಿಗೆ ಬಂದವರು ಎಂಟು ತಿಂಗಳು ಅದನ್ನೇ ಜಪಿಸಿದರು. ಟ್ರಾಕ್ಟರಿನ ಬೇರಿಂಗಿನಿಂದ ಗುಂಡು ತೆಗೆದರು. ಹೊನ್ನೆ ಮರದ ರೆಕ್ಕೆ ಕೆತ್ತಿ ಸೈಕಲ್ ಟ್ಯೂಬು ಸುತ್ತಿದರು. ರೆಕ್ಕೆ ಒದೆಯಲು ತಾಮ್ರದ ತಂತಿಯ ಕಾಯಿಲುಗಳನ್ನು ತಾವೇ ಸುತ್ತಿದರು. ಗುಂಡು ತಗುಲಿದಾಗ ಬಾರಿಸಲು ಮೂರು ಸೈಕಲ್ ಬೆಲ್ಲು, ಹಲಗೆಯ ತುಂಬ ಬಣ್ಣದ ಬಲ್ಬು, ಕೈಯೂರಿ ಆಡಲು ಸುತ್ತಲೂ ಕಬ್ಬಿಣದ ಪಟ್ಟಿ. "ಮೊಮ್ಮಕ್ಕಳು ಹುಟ್ಟೋ ಕಾಲಕ್ಕೆ ಅಜ್ಜ ಗೋಲಿ ಆಡ್ತಾವ್ರೆ" ಎಂದು ಹೆಂಡತಿ ಶಾಹಜಹಾನ್ ಬೇಗಂ ಬೀದಿಗೆಲ್ಲ ಕೇಳುವಂತೆ ನಗಾಡುತ್ತಿದ್ದರು.

ಯಂತ್ರ ಮುಗಿದದ್ದು ತೊಂಬತ್ತಾರರ ಮಳೆಗಾಲದಲ್ಲಿ. ಅಳಿಯ ಯಾಸಿನ್ ಬೆಳ್ಳೂರು ಕ್ರಾಸಿನಲ್ಲಿ ಹೋಟೆಲು ಇಟ್ಟಿದ್ದ. ಮಗಳು ಶಬ್ರೀನಳಿಗೆ ಹೆಣ್ಣುಮಗು ಹುಟ್ಟಿದ ಖುಷಿಗೆ ಪೀರ್ ಅಹಮದರು ಅದನ್ನು ಅಲ್ಲಿಗೆ ಸಾಗಿಸಿ, ತಾವೇ ನಿಂತು ಕರೆಂಟು ಕೊಟ್ಟು ಬಂದರು.

ಕರೆಂಟು ಬರಲು ಒಂದು ತಂತಿ ಬೇಕು, ಮರಳಲು ಇನ್ನೊಂದು. ಮರಳುವ ತಂತಿ ಕಂಬದಲ್ಲಿ ಯಾವಾಗ ಕಿತ್ತುಹೋಗುತ್ತದೋ ಹೇಳಲಾಗದು. ಅದಕ್ಕೇ ಪಂಪ್‌ಮನೆಗಳಲ್ಲಿ ಒಂದೇ ತಂತಿ ಎಳೆದು, ಇನ್ನೊಂದರ ಬದಲು ಕಬ್ಬಿಣದ ಸರಳೊಂದನ್ನು ನೆಲಕ್ಕೆ ಹೂತು ಕಟ್ಟಿಬಿಡುತ್ತಿದ್ದರು. ಅದಕ್ಕೆ ಅರ್ತು ಕೊಡುವುದು ಎನ್ನುತ್ತಿದ್ದರು. ಹೊಳೆಯ ಪಕ್ಕದ ಶ್ರೀರಂಗಪಟ್ಟಣದಲ್ಲಿ ಎಲ್ಲಿ ಹೂತರೂ ನೆಲ ತೇವ. ಕರೆಂಟು ಸಲೀಸಾಗಿ ಮಣ್ಣಿಗಿಳಿಯುತ್ತಿತ್ತು. ಪೀರ್ ಅಹಮದರು ಬೆಳ್ಳೂರಿನಲ್ಲೂ ಅಭ್ಯಾಸಬಲದಿಂದ ಅರ್ತೇ ಕೊಟ್ಟರು. ಯಂತ್ರದ ಕಬ್ಬಿಣದ ಮೈಯನ್ನೂ ಅದೇ ಸರಳಿಗೆ ಬಿಗಿದರು. ಆಗ ಮಳೆ ಬಿದ್ದು ನೆಲ ನೆನೆದಿತ್ತು. ಅವರಿಗೆ ಬೇರೇನೂ ಹೊಳೆಯಲಿಲ್ಲ.

ಮಾರ್ಚಿ ತಿಂಗಳ ಒಂದು ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಪಕ್ಕದ ಸೈಕಲ್ ಅಂಗಡಿಯ ಸೋಮಯ್ಯ ಕೂಗಿದ. "ಸಾಬ್ರೆ, ಬೆಳ್ಳೂರಿಂದ ನಿಮ್ಮ ಮಗಳ ಫೋನು!"

ಶಬ್ರೀನ್ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದಳು. ಮಗುವಿಗೆ ಹಲ್ಲು ಬಂದದ್ದನ್ನು ಹೇಳಿದಳು. ಆಮೇಲೆ ನಗುತ್ತ, "ಅಬ್ಬಾ, ನಿಮ್ಮ ಮಿಷನ್ನಿಗೆ ವಯಸ್ಸಾಯ್ತು. ಬಲ್ಬು ಮಂಕಾಗಿ ಉರೀತವೆ. ರೆಕ್ಕೆ ಒದೆಯೋಕೇ ಆಗ್ದು. ಪಟ್ಟಿ ಮುಟ್ಟಿದ್ರೆ ಕೈ ಜುಂ ಅಂತದೆ" ಎಂದಳು.

ಪೀರ್ ಅಹಮದರಿಗೆ ಕೂಡಲೇ ಅರ್ಥವಾಯಿತು. ನೆಲ ಒಣಗಿದೆ. ಮಣ್ಣಿಗೆ ಇಳಿಯಲಾರದ ಕರೆಂಟು ಯಂತ್ರದ ಮೈಯಲ್ಲೇ ನಿಂತಿದೆ. ಒಣ ನೆಲದ ಮೇಲಿದ್ದವನಿಗೆ ಜುಂ ಎನ್ನುವುದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿದ್ದವರನ್ನು ಬಿಡುವುದಿಲ್ಲ. ಶಬ್ರೀನ್ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಇನ್ನೊಂದು ಸಲ, ಬರಿಗಾಲಲ್ಲೇ ನೀರು ಚೆಲ್ಲಿ ಹೋಟೆಲಿನ ನೆಲ ಒರೆಸುತ್ತಾಳೆ.

"ಮುಟ್ಟಬೇಡಮ್ಮಾ, ಫ್ಯೂಸು ಕೀಳು!" ಎಂದು ಕಿರುಚಿದರು. ಲೈನು ಆಗಲೇ ಕಡಿದಿತ್ತು. ಹೋಟೆಲಿಗೆ ಫೋನಿರಲಿಲ್ಲ, ಬೂತಿನ ನಂಬರು ಗೊತ್ತಿರಲಿಲ್ಲ. ಟೆಸ್ಟರು, ಕಟಿಂಗ್ ಪ್ಲೇಯರು ಜೇಬಿಗೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದರು.

ಪಾಂಡವಪುರದವರೆಗೆ ಗದ್ದೆ, ನಾಲೆ, ಕಬ್ಬು. ಅದನ್ನು ದಾಟಿದ ಮೇಲೆ ನೆಲ ಬದಲಾಗತೊಡಗಿತು. ಪೀರ್ ಅಹಮದರು ಕಿಟಕಿಗೆ ಮುಖವಿಟ್ಟು ಮಣ್ಣನ್ನೇ ನೋಡುತ್ತಿದ್ದರು. ಕೆಂಪು ನೆಲ, ನೊರಜುಗಲ್ಲು, ರಾಗಿ ಕೂಳೆ. ಎಲ್ಲೂ ತೇವದ ಸುಳಿವಿಲ್ಲ.

ನಾಗಮಂಗಲದಲ್ಲಿ ಮುದ್ದಯ್ಯ ಹತ್ತಿದ. ಅವನ ಮೋಟಾರನ್ನು ಇವರು ಎರಡು ಸಲ ಸುತ್ತಿಕೊಟ್ಟಿದ್ದರು.

"ಏನ್ ಸಾಬ್ರೆ, ಮಗಳ ಮನೆಗಾ? ಮೊನ್ನೆ ನಿಮ್ ಮಿಷನ್ ಆಡ್ದೆ ಕಣ್ರೀ. ಜುಂ ಅಂತದಲ್ಲ, ಅದ್ಕೇ ಜನ ಮುಗಿಬೀಳ್ತಾವ್ರೆ! ಚಪ್ಲಿ ಬುಟ್ಟು ನಿಂತ್ಕೊಂಡ್ರೆ ಇನ್ನೂ ಜೋರು. ಯಾರು ಜಾಸ್ತಿ ಹೊತ್ತು ಕೈ ಇಡ್ತಾರೆ ಅಂತ ಪಂದ್ಯ ಕಟ್ತಾರೆ."

ಪೀರ್ ಅಹಮದರು ಕಿಟಕಿಯತ್ತ ತಿರುಗಿದರು. ಅಲ್ಲಾ, ಇಷ್ಟು ದಿನ ಕಾಪಾಡಿದ್ದೀಯ, ಇನ್ನೊಂದು ಗಂಟೆ ಕಾಪಾಡು ಎಂದು ಬೇಡಿಕೊಂಡರು. ಅಷ್ಟು ಹೆದರಿಕೆ ಅವರಿಗೆ ಹಿಂದೆಂದೂ ಆಗಿರಲಿಲ್ಲ.

ಬೆಳ್ಳೂರು ಕ್ರಾಸಿನಲ್ಲಿ ಇಳಿದವರು ಓಡಿದರು. ಲಾರಿ ಡ್ರೈವರೊಬ್ಬ ಚಪ್ಪಲಿ ಪಕ್ಕಕ್ಕಿಟ್ಟು ಆಡುತ್ತಿದ್ದ. "ಕೈ ತೆಗೀರಿ!" ಎಂಬ ಕೂಗಿಗೆ ಅವನು ಹಾರಿ ಹಿಂದೆ ಸರಿದ. ಪೀರ್ ಅಹಮದರು ಟೆಸ್ಟರಿನ ತುದಿಯನ್ನು ಪಟ್ಟಿಗೆ ಮುಟ್ಟಿಸಿದರು. ಒಳಗಿನ ದೀಪ ಕೆಂಪಗೆ ಹತ್ತಿತು. ಕೂಡಲೇ ಫ್ಯೂಸು ಕಿತ್ತು, ತಂತಿ ಕತ್ತರಿಸಿದರು.

ಗಲ್ಲಾದಿಂದ ಯಾಸಿನ್ ಎದ್ದು ಬಂದ. "ಯಾಕೆ ಮಾಮು? ಇದಕ್ಕೇ ಅಲ್ವಾ ಜನ ಬರೋದು?"

"ಶಬ್ರೀನ್ ಎಲ್ಲಿ?"

"ಒಳಗವ್ಳೆ. ಮಗೂಗೆ ಉಣ್ಣಿಸ್ತಾವ್ಳೆ."

ಅವರು ಗೋಡೆಗೆ ಒರಗಿ ಉಸಿರು ಬಿಟ್ಟರು. "ಇದು ಆಟದ ಜುಂ ಅಲ್ಲ ಯಾಸಿನ್. ನೆಲ ಒದ್ದೆ ಇದ್ದಾಗ ಮುಟ್ಟಿದ್ರೆ ಹೆಣ ಬೀಳ್ತಿತ್ತು. ತಪ್ಪು ನಂದೇ. ನಾನು ಕೊಟ್ಟ ಅರ್ತು."

ಯಾಸಿನನ ಮುಖದ ನಗು ಹೋಯಿತು. ಅವನು ಯಂತ್ರದ ಗಾಜಿನ ಮೇಲೆ ಕೈಯಿಟ್ಟ.

"ನೆಲ ಒರೆಸೋವಾಗ ಮಗು ಹಟ ಮಾಡ್ತದೆ ಮಾಮು. ಅದ್ಕೆ ಶಬ್ರೀನ್ ಈ ಗಾಜಿನ ಮೇಲೆ ಕೂರಿಸ್ತಾಳೆ. ಕೆಳಗೆ ಬಲ್ಬು ಉರೀತವಲ್ಲ, ನೋಡ್ಕಂಡು ಸುಮ್ಕಾಯ್ತದೆ."

"ಯಾವತ್ತು?"

"ದಿನಾ. ಇವತ್ತು ಬೆಳಿಗ್ಗೇನೂ ಕೂರಿಸಿದ್ಲು."

ಗಾಜಿನ ಅಂಚಿಗೂ ಕಬ್ಬಿಣದ ಪಟ್ಟಿಗೂ ನಡುವೆ ನಾಲ್ಕು ಬೆರಳು ಅಂತರವಿತ್ತು. ಮಗು ಪಟ್ಟಿ ಹಿಡಿದಿದ್ದಾಗ ಒದ್ದೆ ನೆಲದ ಮೇಲೆ ನಿಂತ ತಾಯಿ ಎತ್ತಿಕೊಂಡಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಮಾತು ಕೇಳಿ ಶಬ್ರೀನ್ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಬಂದಳು. ಅಬ್ಬನನ್ನು ಕಂಡು ಅವಳ ಮುಖ ಅರಳಿತು. ಮಗು ಅಜ್ಜನ ಗಡ್ಡ ಕಂಡದ್ದೇ ಎರಡೂ ತೋಳು ಚಾಚಿ ಮುಂದಕ್ಕೆ ಬಾಗಿತು.

"ಎತ್ಕೊಳ್ಳಿ ಅಬ್ಬಾ, ನಿಮ್ಮತ್ರ ಬರ್ತಾವ್ಳೆ."

ಅವರು ಕೈ ಎತ್ತಿದರು. ಎರಡೂ ಕೈ ಗಡಗಡ ನಡುಗುತ್ತಿದ್ದವು. ಅವನ್ನು ಹಾಗೆಯೇ ಕೆಳಗಿಳಿಸಿ, "ತಡಿಯಮ್ಮ, ಈಗ ಬೇಡ, ಕೆಡವ್ಬುಟ್ಟೇನು" ಎಂದರು.