ಮಸಿ ಮಾಮ

ಚಿತ್ರ ಬರೆಯುವ ಅವನು ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಮಸಿ ಮಾಮ. ಬೀದಿಯ ಮೂಲೆಗೆ ಬಂದು ಕೂತನೆಂದರೆ ಹೋಗಿಬರುವವರೆಲ್ಲ ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ಲೇಖನಿಯನ್ನು ಮಸಿಯಲ್ಲಿ ಅದ್ದಿ, ಚಪ್ಪಲಿ ಹೊಲಿಯುವವನನ್ನೋ ಬಸ್ಸಿಗೆ ಕಾದು ತೂಕಡಿಸುವ ಅಜ್ಜಿಯನ್ನೋ ಇದ್ದ ಹಾಗೇ ಹಾಳೆಗೆ ಇಳಿಸಿಬಿಡುತ್ತಾನೆ. ಅವನು ಬರೆದ ಬೆಕ್ಕನ್ನು ಕಂಡು ನಾಯಿ ಬೊಗಳಿತ್ತಂತೆ! "ನನ್ನ ಮೂಗು ಇಷ್ಟು ದಪ್ಪಾನಾ?" ಎಂದು ಹಾಲಿನವಳು ಜಗಳಕ್ಕೆ ಬಂದರೆ, "ಮೂಗು ನಿಂದೇ ಕಣಮ್ಮ, ಮಸಿ ಮಾತ್ರ ನಂದು" ಎನ್ನುತ್ತಾನೆ. ಅವನೆದುರು ಕೂರಲು ಹೆದರಿದವನೆಂದರೆ ಕ್ಷೌರದಂಗಡಿಯ ಮುದುಕನೊಬ್ಬನೇ. ಈಚೆಗೆ ಆ ಮುದುಕನ ಬಲಗೈ ನಡುಗುತ್ತಿತ್ತು. ಅದನ್ನು ಕಂಡ ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡಿದ್ದರು. ಚಿತ್ರದಲ್ಲೂ ಆ ನಡುಕ ಬಂದುಬಿಟ್ಟರೆ ಅಂಗಡಿಗೆ ಬೀಗವೇ ಗತಿ ಎಂಬುದು ಅವನ ಚಿಂತೆ. ಒಂದು ದಿನ ಮಾಮ ಅವನತ್ತ ತಿರುಗಿ ಕೂತಾಗ, "ಬೇಕಾದ್ರೆ ಮುಖ ಬರಿ ಮಾಮ, ಕೈ ಮಾತ್ರ ಬೇಡಪ್ಪ" ಎಂದು ಬೇಡಿಕೊಂಡ. ಮಾಮ ಲೇಖನಿ ಕೆಳಗಿಟ್ಟ. ಬೀದಿಯವರೆಲ್ಲ ನೋಡುತ್ತಿರುವಾಗಲೇ ಹೋಗಿ ಕ್ಷೌರದ ಕುರ್ಚಿಯಲ್ಲಿ ಒರಗಿ ಕೂತ. "ಮೊದ್ಲು ನನ್ನ ಗಡ್ಡ ತೆಗಿಯಣ್ಣ, ಚಿತ್ರ ಎಲ್ಲಿಗೂ ಓಡಿಹೋಗಲ್ಲ" ಎಂದವನೇ, ಆ ನಡುಗುವ ಕೈಯ ಕತ್ತಿಗೆ ಕತ್ತೊಡ್ಡಿ, ತಣ್ಣಗೆ ಕಣ್ಣು ಮುಚ್ಚಿದ.