ಹದಿಮೂರನೆಯ ಮೈಲುಗಲ್ಲಿನ ಬಳಿ ಸಿಕ್ಕ ಇಷ್ಟಲಿಂಗ

ಕುರುಗೋಡಿನ ಬಸವಣ್ಣನನ್ನು ನಂಬಿದ ಬಂಧುಗಳೇ, ನಮ್ಮಪ್ಪ ಅನ್ನ ನೀರು ಬಿಟ್ಟು ಮಲಗಿದಾಗ ನಡೆದದ್ದನ್ನು ನಿಮಗೆ ಹೇಳಲೇಬೇಕು. ಬಳ್ಳಾರಿ ಇನ್ನೂ ಮದ್ರಾಸಿನ ಕೆಳಗಿದ್ದ ಕಾಲ. ನಾನು ಊರಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು.

ಸಿರುಗುಪ್ಪದಲ್ಲಿ ನೆಂಟರ ಮದುವೆ ಮುಗಿಸಿ ಅಪ್ಪನನ್ನು ಬಸ್ಸಿನಲ್ಲಿ ಕರೆತಂದೆ. ದಾರಿಯಲ್ಲಿ ಅವರು ಕಿಟಕಿಯಿಂದ ಬಗ್ಗಿ ವಾಂತಿ ಮಾಡಿಕೊಂಡರು. ಮನೆಗೆ ಬಂದು ನೋಡಿದರೆ ಕೊರಳಲ್ಲಿ ಇಷ್ಟಲಿಂಗವಿಟ್ಟಿದ್ದ ಬೆಳ್ಳಿ ಕರಡಿಗೆ ಇಲ್ಲ! ದಾರ ಹರಿದಿತ್ತು. ಬಗ್ಗಿದಾಗಲೇ ಬಿದ್ದಿರಬೇಕು. ಲಿಂಗಪೂಜೆಯಿಲ್ಲದೆ ಅಪ್ಪ ಗುಟುಕು ನೀರೂ ಕುಡಿಯುವವರಲ್ಲ. ಬೇರೆ ಲಿಂಗ ಕಟ್ಟಿಸೋಣ ಎಂದರೆ, “ಅದು ನನ್ನ ಪ್ರಾಣ ಐತಿ. ಸಿಗಲಿಲ್ಲಂದ್ರ ನಾನೂ ಇರಂಗಿಲ್ಲ” ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಎಲ್ಲಿ ಅಂತ ಹುಡುಕುವುದು? ದಾರಿಯುದ್ದಕ್ಕೂ ಒಂದೇ ಥರದ ಹತ್ತಿ ಹೊಲ. ಆದರೆ ಬಸ್ಸು ಹತ್ತಿದರೆ ಡ್ರೈವರನ ಮುಂದಿನ ವೇಗದ ಮುಳ್ಳನ್ನೂ ನನ್ನ ಗಡಿಯಾರವನ್ನೂ ನೋಡುತ್ತ ಕೂರುವುದು ನನ್ನ ಹುಚ್ಚು. ಕೂಡಲೇ ನಕ್ಷೆ ಬರೆದೆ. ಅಡ್ಡಕ್ಕೆ ಸಮಯ, ಮೇಲಕ್ಕೆ ವೇಗ. ಗೆರೆಯ ಕೆಳಗಿನ ಜಾಗವೇ ಓಡಿದ ದೂರ. ಗಂಟೆಗೆ ಇಪ್ಪತ್ತು ಮೈಲಿಯಂತೆ ಅರ್ಧ ಗಂಟೆ, ಅಂದರೆ ಹತ್ತು ಮೈಲಿ. ಆಗ ಬಸ್ಸಿನ ಮೇಲಿಂದ ಯಾರದೋ ಹಾಸಿಗೆ ಸುರುಳಿ ಬಿದ್ದು, ಅದನ್ನು ತರಲು ಬಸ್ಸು ಎರಡು ಮೈಲಿ ಹಿಂದಕ್ಕೆ ಹೋಗಿತ್ತು. ಅಲ್ಲಿಂದ ಮತ್ತೆ ಮುಂದಕ್ಕೆ ಐದು ಮೈಲಿ ಬಂದಾಗ ಅಪ್ಪನಿಗೆ ವಾಂತಿ. ಒಟ್ಟು ಹದಿನೇಳು!

ಬೆಳಗಾಗುತ್ತಲೇ ಹೊರಟು, ಸಿರುಗುಪ್ಪದಿಂದ ಹದಿನೇಳನೆಯ ಮೈಲುಗಲ್ಲಿನ ಸುತ್ತ ಮಣ್ಣು ಕೆದಕಿ ನೋಡಿದೆ. ಏನೂ ಇಲ್ಲ. ಅಪ್ಪನಿಗೆ ಏನು ಮುಖ ತೋರಿಸಲಿ? ಕುರುಗೋಡಿಗೆ ಹೋಗಿ, ಕಾಯಿ ಒಡೆಸಿ, ಬಸವಣ್ಣನ ಮುಂದೆ ನಿಂತು ಅತ್ತೆ. “ನನ್ನ ಕೈಲಿ ಆಗಲಿಲ್ಲ ತಂದೆ, ಇನ್ನು ನೀನೇ ಗತಿ” ಎಂದೆ. ನಾಲ್ಕು ಹೆಜ್ಜೆ ಪ್ರದಕ್ಷಿಣೆ ಹಾಕಿದ್ದೆನೋ ಇಲ್ಲವೋ, ಪೂಜಾರಿ ಕೂಗಿದರು.

“ಮೇಷ್ಟ್ರೇ, ಕಾಯಿ ಇಲ್ಲೇ ಬಿಟ್ಟು ಹೊಂಟೀರಲ್ರೀ!”

ತಿರುಗಿ ಬಂದು ಕಾಯಿ ಎತ್ತಿಕೊಂಡೆ. ಹೋಗುತ್ತ ನಾಲ್ಕು, ಬರುತ್ತ ನಾಲ್ಕು, ಎಂಟು ಹೆಜ್ಜೆ ನಡೆದರೂ ನಿಂತದ್ದು ಮಾತ್ರ ಹೊರಟಲ್ಲೇ! ಮೈ ಜುಮ್ಮೆಂದಿತು. ಬಸ್ಸು ಹಿಂದಕ್ಕೆ ಹೋದ ಗೆರೆಯನ್ನು ನಾನು ಸೊನ್ನೆಯ ಕೆಳಗೆ ಎಳೆಯಬೇಕಿತ್ತು. ಚಕ್ರ ಉರುಳಿದ್ದು ಹದಿನೇಳು ಮೈಲಿ ನಿಜ. ಆದರೆ ಬಸ್ಸು ಇದ್ದ ಜಾಗ ಬೇಕಾದರೆ ಹತ್ತರಲ್ಲಿ ಎರಡು ಕಳೆದು ಐದು ಕೂಡಬೇಕು. ಹದಿಮೂರು!

ಹದಿಮೂರನೆಯ ಕಲ್ಲಿನಿಂದ ಸ್ವಲ್ಪವೇ ದೂರದಲ್ಲಿ, ಜಾಲಿ ಮುಳ್ಳಿಗೆ ದಾರ ಸಿಕ್ಕಿಕೊಂಡು ಕರಡಿಗೆ ತೂಗಾಡುತ್ತಿತ್ತು. ಅಲ್ಲೇ ರಸ್ತೆಯ ಮೇಲೆ ಉದ್ದಕ್ಕೆ ಬಿದ್ದು ನಮಸ್ಕರಿಸಿದೆ.

ಸಂಜೆ ಅಪ್ಪ ಪೂಜೆ ಮುಗಿಸಿ ನೀರು ಕುಡಿದರು. ಆ ನೀರು ಗಂಟಲಲ್ಲಿ ಇಳಿಯುವುದನ್ನು ನೋಡಿ ನನಗೆ ಜೀವ ಬಂತು. ಬಸವಣ್ಣಾ, ನಿನ್ನ ಋಣ ತೀರಿಸಲಾರೆ. ಹಾಗಿದ್ದರೂ ಮೇಷ್ಟ್ರ ಬುದ್ಧಿ ನೋಡಿ, ಒಂದು ಗೆರೆ ತಪ್ಪಿ ಅಪ್ಪನನ್ನು ಇಡೀ ದಿನ ಉಪವಾಸ ಕೆಡವಿದೆನಲ್ಲ ಎಂದು ಗೊಣಗಿದೆ.

ಅಪ್ಪ ನಕ್ಕರು. “ಲೇ, ನಿನ್ನ ಲೆಕ್ಕ ಮೊದಲಿಗೇ ಸರಿ ಬಂದಿದ್ರ, ನೀ ಕುರುಗೋಡಿಗೆ ಹೋಗ್ತಿದ್ದೇನು?”