ಲಿಯೋನಿನ ಮಾಂಸಕ್ಕೆ ಉಳ್ಳಾಲದ ಉಪಚಾರ

ಜಿದ್ದಾದಲ್ಲಿ ಭಟ್ಕಳದ ಝಿಯಾವುದ್ದೀನ್ ಸಾಹೇಬರದೊಂದು ಅಂಗಡಿಯಿದೆ. ಊರೂರಿನ ಚೀಸು, ಆಲಿವ್ ಎಣ್ಣೆ, ಒಣಗಿಸಿದ ಮಾಂಸ ಎಲ್ಲ ಅಲ್ಲಿ ಸಿಗುತ್ತದೆ. ಮಾಂಸದ ಕಡೆಗೆ ಬರುವವರು ಮೊದಲು ಕೇಳುವುದು ಉಮ್ಮರಬ್ಬ ಇದ್ದಾರಾ ಎಂದು. ಇಲ್ಲವೆಂದರೆ ನಾಳೆ ಬರುತ್ತೇವೆ ಎಂದು ಹೊರಟುಬಿಡುವವರೂ ಇದ್ದಾರೆ. ಉಳ್ಳಾಲದ ಉಮ್ಮರಬ್ಬ ಅಲ್ಲಿ ಕತ್ತಿ ಹಿಡಿದು ಇಪ್ಪತ್ತಾರು ವರ್ಷವಾಯಿತು. ಬಿಸ್ಮಿಲ್ಲಾ ಹೇಳದೆ ಹಲಗೆ ಮುಟ್ಟಿದವರಲ್ಲ. ಮಾತು ಕಡಿಮೆ. ಕೊಯ್ಯುತ್ತ ಕೊಯ್ಯುತ್ತ ಗಿರಾಕಿಗಳ ಕಷ್ಟಸುಖ ಕೇಳುವುದೇ ಅವರ ಅಭ್ಯಾಸ.

ಹಾಗೆ ಕೇಳಿದ ಕತೆಗಳಲ್ಲಿ ಡಾಕ್ಟರ್ ನಸೀಬಾ ಅವರದೂ ಒಂದು. ಜಿದ್ದಾದವರೇ, ಮಕ್ಕಳ ಡಾಕ್ಟರು. ಮೂವತ್ತು ವರ್ಷದ ಹಿಂದೆ ಸ್ಪೇನ್ ದೇಶದ ಲಿಯೋನ್ ಎಂಬ ಊರಲ್ಲಿ ಓದಿದವರು. ಉಳಿದುಕೊಂಡಿದ್ದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಇಡೀ ಇಡೀ ತೊಡೆಗಳು ತೂಗುಬಿದ್ದಿರುತ್ತಿದ್ದವಂತೆ. ಹೆಚ್ಚಿನವು ಹಂದಿಯವು. ಆ ದೇಶದವರಿಗೆ ಅದು ಬಂಗಾರ. ಓಕ್ ಮರದ ಕಾಯಿ ತಿಂದು ಬೆಳೆದ ಹಂದಿಯದಾದರೆ ನಾಲ್ಕು ವರ್ಷ ತೂಗಹಾಕಿ ಕಾಯುತ್ತಾರಂತೆ. ಅವುಗಳ ನಡುವೆ ಎತ್ತಿನ ತೊಡೆಯೂ ಒಂದಿರುತ್ತಿತ್ತು. ಅದರ ಹೆಸರು ಸೆಸೀನಾ. ಉಪ್ಪು, ಹೊಗೆ, ಬೆಟ್ಟದ ತಣ್ಣನೆಯ ಗಾಳಿ, ಅಷ್ಟರಲ್ಲೇ ಒಂದೂವರೆ ವರ್ಷ ಹಣ್ಣಾಗುವ ಮಾಂಸ. ಅದನ್ನೂ ನಮ್ಮ ರೀತಿಯಲ್ಲಿ ಬಿಸ್ಮಿಲ್ಲಾ ಹೇಳಿ ಕೊಯ್ದು ಝಬಹ್ ಮಾಡಿರಲಿಲ್ಲವಾದ್ದರಿಂದ ನಸೀಬಾ ಮುಟ್ಟಲಿಲ್ಲ. ಅಜ್ಜಿ ಬೇಸರಿಸಲಿಲ್ಲ. ಎಲುಬಿನಿಂದ ಮಾಡಿದ ಸೂಜಿಯನ್ನು ಆ ಎತ್ತಿನ ತೊಡೆಗೆ ಚುಚ್ಚಿ, ತೆಗೆದು, ಹುಡುಗಿಯ ಮೂಗಿನ ಹತ್ತಿರ ಹಿಡಿಯುತ್ತಿದ್ದಳಂತೆ. ಮಾಂಸ ಹಣ್ಣಾಗಿದೆಯೋ ಕೆಟ್ಟಿದೆಯೋ ಎಂದು ನೋಡುವುದು ಅವರಲ್ಲಿ ಹಾಗೆಯೇ.

"ನಾಲ್ಕು ವರ್ಷ ಮೂಗಿನಲ್ಲೇ ಉಂಡಿದ್ದೇನೆ, ಯಾ ಉಮರ್" ಎಂದು ನಗುತ್ತಿದ್ದರು ಡಾಕ್ಟರು. ಉಮ್ಮರಬ್ಬ ಅವರ ಬಾಯಲ್ಲಿ ಉಮರ್.

ಈ ವರ್ಷ ಲಿಯೋನಿನ ಒಬ್ಬರು ಹಲಾಲ್ ರೀತಿಯಲ್ಲಿ ಸೆಸೀನಾ ಮಾಡುತ್ತಾರೆಂದು ಝಿಯಾ ಸಾಹೇಬರಿಗೆ ತಿಳಿಯಿತು. ಕಾಗದಪತ್ರ ಎಲ್ಲ ನೋಡಿ ಒಂದೇ ಒಂದು ತೊಡೆ ತರಿಸಿದರು, ಡಾಕ್ಟರಿಗೆಂದೇ. ಶುಕ್ರವಾರ ಸಂಜೆಯ ಅಸರ್ ನಮಾಝ್ ಆದಮೇಲೆ ಬರುತ್ತೇನೆಂದರು ಡಾಕ್ಟರು. ಉಮ್ಮರಬ್ಬ ಸಂಭ್ರಮದಲ್ಲಿ ಎತ್ತಿನ ಮೊಣಕಾಲಿನ ಎಲುಬೊಂದನ್ನು ಕುದಿಸಿ, ಉಜ್ಜಿ ಉಜ್ಜಿ, ಕತೆಯಲ್ಲಿ ಕೇಳಿದಂಥದೇ ಒಂದು ಸೂಜಿ ಮಾಡಿಟ್ಟರು.

ಗುರುವಾರ ಪೆಟ್ಟಿಗೆ ಬಂತು. ಸಾಹೇಬರು ದಮ್ಮಾಮಿಗೆ ಹೋಗಿದ್ದರು. ಬಟ್ಟೆ ಬಿಚ್ಚಿದರೆ ಒಳಗೆ ಇಡೀ ತೊಡೆಗೆ ಬಿಳಿ, ಬೂದು ಬೂಷ್ಟು.

"ಎಂತ ಉಮ್ಮರಾಕ ಇದು, ಹಡಗಲ್ಲೇ ಮಯ್ಯತ್ ಆಗಿದೆಯಲ್ಲ" ಎಂದ ಗಲ್ಲೆಯಲ್ಲಿ ಕೂತ ಉಡುಪಿಯ ನಝೀಮ್. "ಯಲ್ಲಾ, ಗುಂಡಿ ತೋಡಿ ದಫನ ಮಾಡುವ."

ಉಮ್ಮರಬ್ಬನಿಗೆ ನಗು ಬರಲಿಲ್ಲ. ಡಾಕ್ಟರ ಮೂವತ್ತು ವರ್ಷ ಅವರ ಕಣ್ಣಮುಂದೆ ಬಂತು. ಆದರೆ ಬೂಷ್ಟು ಅವರಿಗೆ ಹೊಸತಲ್ಲ. ಅವರ ತಾಯಿ ಬೀಫಾತುಮ್ಮ ಮನೆಮನೆಗೆ ಒಣಮೀನು ಹೊತ್ತು ಮಾರಿದವರು. ಮಳೆಗಾಲದ ಥಂಡಿಗೆ ಮೀನಿನ ಮೇಲೆ ಬಿಳಿ ಕೂತರೆ ಉಪ್ಪುನೀರಲ್ಲಿ ಗಸಗಸ ಉಜ್ಜಿ, ಬಿಸಿಲಿಗೆ ಹಾಕಿ ಎರಡು ಗಂಟೆಯಲ್ಲಿ ಹೊಸತು ಮಾಡುತ್ತಿದ್ದರು. ಮಗನೂ ಅದನ್ನೇ ಮಾಡಿದರು. ಉಪ್ಪುನೀರಲ್ಲಿ ತೊಳೆದು, ಅಂಗಡಿಯ ಮಾಡು ಹತ್ತಿ ಬಿಸಿಲಲ್ಲಿ ಹಲಗೆಯ ಮೇಲಿಟ್ಟು, ನೊಣಕ್ಕೆ ಬಲೆ ಮುಚ್ಚಿ, ಮಧ್ಯಾಹ್ನದ ಝುಹರ್ ನಮಾಝಿಗೆ ಹೋದರು.

ನಮಾಝು, ಊಟ ಮುಗಿಸಿ ಎರಡು ಗಂಟೆ ಬಿಟ್ಟು ಬಂದು ನೋಡಿದರೆ ಹಲಗೆ ಒದ್ದೆ. ಕೊಬ್ಬು ಕರಗಿ ಹಳದಿಯಾಗಿ ತೊಟ್ಟಿಕ್ಕುತ್ತಿತ್ತು. ಜಿದ್ದಾದ ಬಿಸಿಲು ಉಳ್ಳಾಲದ ಬಿಸಿಲಲ್ಲ ಎಂಬುದು ಇಪ್ಪತ್ತಾರು ವರ್ಷದಲ್ಲಿ ಆ ಒಂದು ಗಳಿಗೆ ಮಾತ್ರ ಅವರಿಗೆ ಮರೆತುಹೋಗಿತ್ತು.

ಸಾಹೇಬರಿಗೆ ಫೋನು ಮಾಡಿದರು. ಸಾಹೇಬರು, ಆ ಬಿಳಿ ಅದರ ಉಡುಪು, ಅವರು ಬೇಕೆಂದೇ ಬೆಳೆಸುತ್ತಾರೆ, ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಿದರೆ ಮುಗಿಯಿತು ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಕೆಟ್ಟ ಬದಿ ಕೆಳಗೆ ಮಾಡಿಡು ಉಮ್ಮರಬ್ಬ. ಅವರು ಇದನ್ನು ತಿಂದವರಲ್ಲ. ಏನು ಗೊತ್ತಾಗುತ್ತದೆ?"

ಏನೂ ಗೊತ್ತಾಗುವುದಿಲ್ಲ, ನಿಜ. ಅದೇ ಉಮ್ಮರಬ್ಬನನ್ನು ಕಾಡಿತು. ಮನೆಗೆ ಒಯ್ದು ಆ ಕೆಟ್ಟ ಬದಿಯನ್ನೂ ತಿಂದು, ಇದೇ ಅದು ಎಂದು ಆ ಹೆಂಗಸು ನಂಬಿಬಿಟ್ಟರೆ?

ಶುಕ್ರವಾರ ಡಾಕ್ಟರು ಬಂದಾಗ ತೊಡೆ ಮೇಜಿನ ಮೇಲಿತ್ತು, ಕೆಟ್ಟ ಬದಿ ಮೇಲಾಗಿ. ಉಮ್ಮರಬ್ಬ ಕೈ ಕಟ್ಟಿ ನಿಂತು ತೊಳೆದದ್ದು, ಒಣಗಿಸಿದ್ದು, ಎಲ್ಲವನ್ನೂ ಹೇಳಿದರು.

"ಮಾಡಿನ ಮೇಲೆ?" ಎಂದರು ಡಾಕ್ಟರು.

"ಹೌದು ದಕ್ತೂರಾ. ಎರಡು ಗಂಟೆ. ನನ್ನ ತಪ್ಪು."

ಡಾಕ್ಟರು ಕುರ್ಚಿ ಎಳೆದು ಕೂತರು. ಅವರ ಮುಖ ನೋಡಲಾಗದೆ ನಝೀಮ್ ಒಳಗೆ ಹೋದ. ಡಾಕ್ಟರು ಉಮ್ಮರಬ್ಬ ಮಾಡಿಟ್ಟ ಎಲುಬಿನ ಸೂಜಿಗೆ ಕೈ ಚಾಚಿದರು. ಬಿಸಿಲು ತಾಗಿದ ಕಡೆ ಚುಚ್ಚಿ ಮೂಸಿದರು. ಮುಖ ಕಿವುಚಿದರು. ಹಳೆಯ ಎಣ್ಣೆಯ ವಾಸನೆ ಉಮ್ಮರಬ್ಬನಿಗೂ ಬಡಿಯಿತು. ಸೂಜಿ ಒರೆಸಿ ಎರಡನೆಯ ಸಲ ಚುಚ್ಚಿದರು. ಅಲ್ಲವೆಂದು ತಲೆಯಾಡಿಸಿದರು. ಆಮೇಲೆ ತೊಡೆಯನ್ನು ಮಗುಚಿ, ಎಲುಬಿನ ಪಕ್ಕಕ್ಕೆ, ಆಳಕ್ಕೆ ಇಳಿಸಿದರು. ಮೂಗಿನ ಹತ್ತಿರ ತಂದವರು ಸೂಜಿಯನ್ನು ಅಲ್ಲಿಂದ ತೆಗೆಯಲೇ ಇಲ್ಲ. ಕಣ್ಣು ಮುಚ್ಚಿತ್ತು.

"ಕೊಯ್ಯಿ" ಎಂದರು ಕೊನೆಗೆ.

ಉಮ್ಮರಬ್ಬ ಕೆಟ್ಟ ಬದಿಯನ್ನು ಎರಡು ಬೆರಳು ದಪ್ಪಕ್ಕೆ ಕಡಿದು ತೆಗೆದರು. ಸುಮಾರು ಕಾಲುಭಾಗವೇ ಹೋಯಿತು. ಅದರಡಿಯಲ್ಲಿ ಕಂಡದ್ದನ್ನು ನೋಡಿ ಅವರ ಕೈ ನಿಂತಿತು. ಇಪ್ಪತ್ತಾರು ವರ್ಷ ಮಾಂಸ ನೋಡಿದ ಕಣ್ಣು ಅಂಥ ಬಣ್ಣ ನೋಡಿರಲಿಲ್ಲ. ಪುನರ್ಪುಳಿ ಹಣ್ಣನ್ನು ಒಡೆದ ಹಾಗೆ ಕಡುಗೆಂಪು, ಅದರೊಳಗೆ ಕೂದಲೆಳೆಯಂಥ ಬಿಳಿ ಕೊಬ್ಬಿನ ಗೆರೆ. ಯಾವ ಮನುಷ್ಯನೂ ಎಳೆಯಲಾಗದ ಗೆರೆ. ಬೆಂಕಿಯ ಮೇಲಿಟ್ಟದ್ದಲ್ಲ, ಬೇಯಿಸಿದ್ದಲ್ಲ. ಉಪ್ಪು ಹಾಕಿ ಒಂದಿಷ್ಟು ಹೊಗೆ ಕೊಟ್ಟ ಮನುಷ್ಯ ಆಮೇಲೆ ಸುಮ್ಮನೆ ಕಾದದ್ದು. ಉಳಿದದ್ದನ್ನು ಮಾಡಿದವನು ಬೇರೆ. ಸುಬ್‌ಹಾನಲ್ಲಾಹ್ ಎಂದರು ಉಮ್ಮರಬ್ಬ, ತಮಗೆ ಮಾತ್ರ ಕೇಳುವಷ್ಟು.

ಹಿಂದೆ ಹಿಡಿದ ಬೆರಳು ಕಾಣುವಷ್ಟು ತೆಳ್ಳಗೆ ಒಂದು ಎಸಳು ತೆಗೆದು ಕೊಟ್ಟರು. ಡಾಕ್ಟರು ಬಿಸ್ಮಿಲ್ಲಾ ಹೇಳಿ ನಾಲಿಗೆಯ ಮೇಲಿಟ್ಟುಕೊಂಡರು. ಅಗಿಯಲಿಲ್ಲ. ಅದು ತಾನಾಗಿ ಕರಗುವ ತನಕ ಹಾಗೇ ಕೂತರು.

"ಅದೇನಾ ದಕ್ತೂರಾ?" ಉಮ್ಮರಬ್ಬ ಕತ್ತಿ ಕೆಳಗಿಟ್ಟು ಕೇಳಿದರು.

"ಅಲ್ಲ" ಎಂದರು ಡಾಕ್ಟರು. ಉಮ್ಮರಬ್ಬ ತಲೆ ತಗ್ಗಿಸಿದರು. "ಇಷ್ಟು ವರ್ಷ ಇದು ಉಪ್ಪು ಅಂದುಕೊಂಡಿದ್ದೆ, ಯಾ ಉಮರ್. ಇದು ಸಿಹಿ."

ಮತ್ತೆ ಕೈಚಾಚಿ, ನೀನೂ ಒಂದು ತಿನ್ನು ಎಂದರು. ಉಮ್ಮರಬ್ಬ ಬೇಡವೆಂದರು, ಹಾಳು ಮಾಡಿದವನಿಗೆ ಪಾಲು ಯಾಕೆಂದರು. ನಿನ್ನಿಂದ ಕಾಲುಭಾಗ ಹೋಯಿತು, ಅದು ನಿಜ, ಅದಕ್ಕೆ ನನಗೆ ಸಂಕಟವೂ ಇದೆ, ಆದರೆ ನೀನು ಹೇಳದೆ ಮುಚ್ಚಿಟ್ಟಿದ್ದರೆ ನನ್ನ ಪಾಲಿಗೆ ಇಡೀ ತೊಡೆಯೇ ಹೋಗುತ್ತಿತ್ತು ಎಂದು ಡಾಕ್ಟರು ತಾವೇ ಎರಡನೆಯ ಎಸಳನ್ನು ಅವರ ಕೈಗೆ ಕೊಟ್ಟರು.

ಉಮ್ಮರಬ್ಬ ಗೋಡೆಯ ಕಡೆ ತಿರುಗಿ ತಿಂದರು. ಮೊದಲು ಹೊಗೆ ಬಂತು, ಆಮೇಲೆ ಹುಲ್ಲು, ಎಲ್ಲ ಆದಮೇಲೆ ಬಹಳ ನಿಧಾನವಾಗಿ ಆ ಸಿಹಿ.